ಶ್ರವಣಬೆಳಗೊಳದ ಅಡವು ಬಿಡುಗಡೆ ಮತ್ತು ಅವಧಿ ಮೀರಿದ ಸಾಲ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದ ಶಾಸನಗಳಲ್ಲಿ ಬಹುಪಾಲು ಸಲ್ಲೇಖನ, ದಾನ, ಬಸದಿ ನಿರ್ಮಾಣಗಳನ್ನು ಕುರಿತವು. ಕ್ರಿ.ಶ. ೧೬೩೪ರ ಶಾಸನವಾದರೋ ಸಾಲವೊಂದರ ವೃತ್ತಾಂತವನ್ನು ಹೇಳುತ್ತದೆ. ಗೊಮ್ಮಟಸ್ವಾಮಿಯ ಸೇವೆಗೆ ಬಿಟ್ಟಿದ್ದ ದತ್ತಿಗಳನ್ನು ಸ್ಥಾನಿಕರು ವರ್ತಕರಿಗೆ ಅಡವಿಟ್ಟಿದ್ದರು. ಅಡವು ಹಿಡಿದವರು ಬಹುಕಾಲದಿಂದ ಅವುಗಳ ಫಲವನ್ನು ಅನುಭವಿಸುತ್ತಿದ್ದರು. ಮೈಸೂರಿನ ಚಾಮರಾಜ ಒಡೆಯರು ಇದನ್ನು ವಿಚಾರಿಸಿ, ವರ್ತಕರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ವರ್ತಕರು ಹಣ ಪಡೆಯದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಮುಂದೆ ಆ ದತ್ತಿಯನ್ನು ಅಡವಿಡುವುದೂ ಹಿಡಿಯುವುದೂ ನಿಷಿದ್ಧವಾಯಿತು.

ಸಾಲ ಹಳೆಯದಾಯಿತು, ಆದುದರಿಂದ ಬಿದ್ದುಹೋಯಿತು ಎಂದು ಅರಸರು ಹೇಳಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಸಾಲ ಕೊಟ್ಟವರೇ ತಮ್ಮ ಹಕ್ಕಿಗೆ ಎಲ್ಲೆಯನ್ನು ಹಾಕಿಕೊಂಡರು.

ಇಂದು ಆ ಎಲ್ಲೆಯನ್ನು ಕಾನೂನು ಹಾಕಿದೆ. ೧೯೬೩ರ ಕಾಲಪರಿಮಿತಿ ಕಾಯಿದೆ ೧೯೬೪ರ ಜನವರಿ ೧ರಿಂದ ಜಾರಿಗೆ ಬಂದಿತು. ಹಾಸನದಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡುಗಳಲ್ಲಾಗಲಿ, ವಾಯಿದೆ ಗೊತ್ತುಮಾಡದೆ ಉದ್ರಿ ಕೊಟ್ಟ ಸರಕಿನ ಬಾಕಿಗೆ ಸರಕು ಒಪ್ಪಿಸಿದ ದಿನದಿಂದ ೩ ವರ್ಷಗಳೊಳಗೆ ದಾವೆ ಹೂಡಬೇಕು. ಸಾಲಗಾರನು ಅಷ್ಟರೊಳಗೆ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಅಥವಾ ಭಾಗಶಃ ಪಾವತಿಮಾಡಿ ಅದನ್ನು ತನ್ನ ಕೈಬರಹದಲ್ಲಿ ಅಥವಾ ಸಹಿಯೊಡನೆ ದಾಖಲಿಸಿದರೆ, ಅವಧಿ ಹೊಸದಾಗಿ ಆರಂಭವಾಗುತ್ತದೆ. ಕಾಲ ಕಳೆದಂತೆ ಸಾಕ್ಷಿಗಳು ತೀರಿಹೋಗುತ್ತಾರೆ, ರಸೀದಿಗಳು ಕಳೆಯುತ್ತವೆ. ತೀರಿಸಿದ ಸಾಲವನ್ನೇ ಮತ್ತೆ ಕೇಳಿದರೂ ಅಲ್ಲವೆನ್ನುವುದಕ್ಕೆ ಆಧಾರವಿರುವುದಿಲ್ಲ. ಬಡವನಿಗೆ ಇದು ದೊಡ್ಡ ರಕ್ಷಣೆ.

ಆದರೆ ಅವಧಿ ಮೀರಿದೊಡನೆ ಮುಚ್ಚುವುದು ನ್ಯಾಯಾಲಯದ ಬಾಗಿಲು ಮಾತ್ರ, ಸಾಲ ಅಳಿಯುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು ೧೯೫೮ರ ಬಾಂಬೆ ಡೈಯಿಂಗ್ ಪ್ರಕರಣದಲ್ಲಿ ಈ ತತ್ತ್ವವನ್ನು ಎತ್ತಿಹಿಡಿದಿದೆ. ಅಂತಹ ಸಾಲವನ್ನು ತೀರಿಸುವೆನೆಂದು ಸಾಲಗಾರನು ಬರೆದು ಸಹಿ ಮಾಡಿಕೊಟ್ಟರೆ, ೧೮೭೨ರ ಕರಾರು ಕಾಯಿದೆಯ ೨೫ನೆಯ ಪ್ರಕರಣದಂತೆ ಅದು ಊರ್ಜಿತವಾಗುತ್ತದೆ.

ಹಾಗಾದರೆ ಶ್ರಾವಕನ ಕರ್ತವ್ಯವೇನು? ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸಿದೆ. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯ ವಿವರಣೆ ಸೂಕ್ಷ್ಮವಾದುದು: ಇಟ್ಟ ನಿಧಿಯ ಮೊತ್ತವನ್ನು ಮರೆತು ಕಡಿಮೆ ಕೇಳಿದವನಿಗೆ ‘ಹಾಗೆಯೇ ಆಗಲಿ’ ಎಂದು ಸಮ್ಮತಿಸುವುದೂ ದೋಷವೇ. ಇನ್ನೊಬ್ಬನ ಮರವೆಯಿಂದ ಲಾಭ ಪಡೆಯುವುದು ದೋಷವಾದರೆ, ಶಕ್ತಿಯಿದ್ದೂ ೩ ವರ್ಷ ಕಳೆಯಲೆಂದು ಕಾಯುವುದು ನಿರ್ದೋಷವಾಗಲಾರದು. ಸಾಲ ಕೊಟ್ಟವನಿಗೂ ಧರ್ಮವುಂಟು. ಕೊಡಲಾರದವನ ಮನೆಯ ಮುಂದೆ ಆಳುಗಳನ್ನು ನಿಲ್ಲಿಸಿ ಅವಧಿ ಮೀರಿದ ಬಾಕಿಯನ್ನು ಕೇಳುವುದು ಅಹಿಂಸೆಗೂ ಪರಿಗ್ರಹ ಪರಿಮಾಣಕ್ಕೂ ಸಲ್ಲದು.

ಬಸದಿಗಳ ಆಡಳಿತ ಮಂಡಳಿಗಳು ಇನ್ನೊಂದು ಅಂಶವನ್ನು ನೆನೆಯಬೇಕು. ೧೬೩೪ರ ವರ್ತಕರು ಬಿಟ್ಟುಕೊಟ್ಟದ್ದು ಸ್ವಂತ ಹಣವನ್ನು. ಧರ್ಮದರ್ಶಿಯ ಕೈಯಲ್ಲಿರುವುದು ದೇವರ ಹಣ. ಬಾಡಿಗೆಯನ್ನೂ ಬಾಕಿಯನ್ನೂ ದಾಕ್ಷಿಣ್ಯದಿಂದ ಅವಧಿ ಮೀರಗೊಡುವುದು ಔದಾರ್ಯವಲ್ಲ, ಅಲಕ್ಷ್ಯ. ಪ್ರತಿವರ್ಷ ಲೆಕ್ಕ ತೆಗೆದು, ಬಾಕಿದಾರರಿಂದ ಸಹಿ ಪಡೆದಿಡುವುದು ಕರ್ತವ್ಯ. ಸ್ವಂತ ಖಾತೆಯಲ್ಲಿ ಉದಾರನೂ ಬಸದಿಯ ಖಾತೆಯಲ್ಲಿ ಕಟ್ಟುನಿಟ್ಟಾದವನೂ ಆಗಿರುವವನೇ ಬೆಳಗೊಳದ ಶಾಸನದ ಪಾಠವನ್ನು ಅರಿತವನು.