ಗುಡ್ಡೆ ಬಾಡಿನಿಂದ ಸೆಕ್ಷನ್ 377ರವರೆಗೆ: ಒಂದು ಲ್ಯಾಟಿನ್ ಪದದ ಕಥೆ

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಐಪಿಸಿ ಸೆಕ್ಷನ್ 377ರ ಬಗ್ಗೆ ತೀರ್ಪು ಕೊಟ್ಟಿದ್ದು ನಿಮಗೆ ನೆನಪಿರಬಹುದು. ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಕೋರ್ಟು ಹೇಳಿತು. ಆ ಸೆಕ್ಷನ್ನಿನ ಇಂಗ್ಲಿಷ್ ಪಠ್ಯದಲ್ಲಿ ‘ಕಾರ್ನಲ್’ ಅನ್ನೋ ಪದ ಇತ್ತು. ಅದು ಎಲ್ಲಿಂದ ಬಂತು? ಇವತ್ತಿನ ಕಥೆ ಅದರದ್ದು.

ಮೂಲ, ಲ್ಯಾಟಿನ್ನಿನ ‘ಕಾರೊ’. ವಿಭಕ್ತಿ ಸೇರಿದರೆ ‘ಕಾರ್ನಿಸ್’. ಅರ್ಥ ಮಾಂಸ. ಆದರೆ ಅದಕ್ಕೂ ಹಿಂದೆ ಅದರ ಅರ್ಥ ‘ತುಂಡು, ಪಾಲು’ ಅಂತಿತ್ತು ಅಂತ ಭಾಷಾವಿಜ್ಞಾನಿಗಳು ಹೇಳ್ತಾರೆ. ಲ್ಯಾಟಿನ್ನಿನ ನೆರೆಯ ಭಾಷೆ ಉಂಬ್ರಿಯನ್‌ನಲ್ಲಿ ‘ಕರು’ ಅಂದ್ರೆ ಪಾಲು. (ನಮ್ಮ ಹಸುವಿನ ಕರುಗೂ ಅದಕ್ಕೂ ಸಂಬಂಧ ಇಲ್ಲ, ಬಿಡಿ.) ಹಳೇ ಮೈಸೂರಿನ ಕಡೆ ಹೊಸತೊಡಕಿಗೆ ಜನ ಸೇರಿ ಮರಿ ಕಡಿದು ಮನೆಗೊಂದು ಗುಡ್ಡೆ ಹಾಕ್ತಾರಲ್ಲ, ಗುಡ್ಡೆ ಬಾಡು, ಹೆಚ್ಚುಕಡಿಮೆ ಆ ಭಾವ. ಇದರ ಹಿಂದಿನ ಇಂಡೋ-ಯುರೋಪಿಯನ್ ಧಾತುವಿಗೆ ‘ಕತ್ತರಿಸು’ ಅಂತ ಅರ್ಥ. ಸಂಸ್ಕೃತದ ‘ಕರ್ತರಿ’, ಇಂಗ್ಲಿಷಿನ ‘ಶೇರ್’ ಎರಡೂ ಇದೇ ವಂಶದವು.

ಕಟುಕನ ಅಂಗಡಿಯ ಈ ಪದಕ್ಕೆ ಪಾಪ ಅಂಟಿದ್ದು ಬೈಬಲ್ ಲ್ಯಾಟಿನ್ನಿಗೆ ಬಂದಾಗ. ಗ್ರೀಕ್‌ನ ‘ಸಾರ್ಕ್ಸ್’ ಇದ್ದ ಕಡೆ ಅನುವಾದಕರು ‘ಕಾರೊ’ ಹಾಕಿದರು. ಸಂತ ಪೌಲನ ಪತ್ರಗಳಲ್ಲಿ ಅದು ಬರೀ ಮಾಂಸವಲ್ಲ, ಆತ್ಮಕ್ಕೆ ಎದುರು ನಿಲ್ಲುವ ಶರೀರಭಾವ. ಅಲ್ಲಿಂದ ‘ಕಾರ್ನಾಲಿಸ್’, ಇಂಗ್ಲಿಷಿಗೆ ‘ಕಾರ್ನಲ್’. ವಿಚಿತ್ರ ಏನಂದ್ರೆ, ಅದೇ ಧರ್ಮ ಅದೇ ಪದವನ್ನು ದೇವರಿಗೂ ಬಳಸಿತು. ದೇವರು ಮೈ ತಳೆದು ಬಂದದ್ದು ‘ಇನ್‌ಕಾರ್ನೇಷನ್’, ಅಂದರೆ ಮಾಂಸದೊಳಕ್ಕೆ ಬರುವುದು. ನಮ್ಮ ‘ಅವತಾರ’ಕ್ಕೂ ಇಂಗ್ಲಿಷಿನಲ್ಲಿ ಇದನ್ನೇ ಹಾಕ್ತೀವಿ. ಅವತಾರ ಅಂದ್ರೆ ಇಳಿದು ಬರೋದು, ಅದರಲ್ಲಿ ಮಾಂಸದ ಸುಳಿವೇ ಇಲ್ಲ.

ಕಾರ್ನಿವಲ್ ಕೂಡ ಇದೇ ಮನೆಯದು. ಈಸ್ಟರ್‌ಗೆ ಮೊದಲಿನ 40 ದಿನದ ತಪಸ್ಸುಕಾಲ ಶುರುವಾಗೋ ಮುಂಚಿನ ಹಬ್ಬ. ‘ಮಾಂಸವೇ, ಹೋಗಿ ಬಾ’ ಅಂತ ಅದರರ್ಥ ಅನ್ನೋದು ಕೇಳೋಕೆ ಚೆಂದ, ಆದರೆ ಹಳೆಯ ಇಟಾಲಿಯನ್ ರೂಪ ‘ಕಾರ್ನೆಲೆವಾರೆ’, ಮಾಂಸ ತೆಗೆದಿಡುವುದು. ಕಾರ್ನಿವೋರ್, ಕಾರ್ನೇಜ್ ನಿಮಗೆ ಗೊತ್ತೇ ಇವೆ. ಮುದುಕಿಯನ್ನು ಹೀಗಳೆಯುವ ‘ಕ್ರೋನ್’ ಕೂಡ ಕೊಳೆತ ಹೆಣ ಅನ್ನೋ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಬೈಗುಳಕ್ಕೆ ಎಲ್ಲ ಕಡೆ ಹೆಂಗಸೇ ಬೇಕು ನೋಡಿ.

ಈಗ ಕಾನೂನಿಗೆ ಬರೋಣ. ಇಂಗ್ಲೆಂಡಿನಲ್ಲಿ 1533ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ, ಚರ್ಚ್ ವಿಚಾರಿಸುತ್ತಿದ್ದ ಈ ‘ಪಾಪ’ ರಾಜ್ಯದ ಅಪರಾಧವಾಯಿತು. ಶಿಕ್ಷೆ ಮರಣದಂಡನೆ. 1644ರಲ್ಲಿ ಪ್ರಕಟವಾದ ಎಡ್ವರ್ಡ್ ಕೋಕ್ ಎಂಬ ನ್ಯಾಯಪಂಡಿತನ ಗ್ರಂಥದಲ್ಲಿ ಇದಕ್ಕೆ ವ್ಯಾಖ್ಯೆ ಇದೆ: ಸೃಷ್ಟಿಕರ್ತನ ಕಟ್ಟಳೆಗೂ ಪ್ರಕೃತಿಯ ಕ್ರಮಕ್ಕೂ ವಿರುದ್ಧವಾದ ‘ಕಾರ್ನಲ್’ ಕೂಡಿಕೆ ಅಂತ. ಭಾರತಕ್ಕೆ ದಂಡಸಂಹಿತೆ ಬರೆದ ಮೆಕಾಲೆ 1837ರ ಕರಡಿನಲ್ಲಿ, ಇಂಥ ವಿಷಯ ಬಹಿರಂಗ ಚರ್ಚೆಗೇ ಬರಬಾರದು ಅಂತ ವಿವರಣೆ ಕೊಡಲಿಲ್ಲ. ಕೊನೆಗೆ 1860ರಲ್ಲಿ ಪಾಸಾದ ಐಪಿಸಿಯಲ್ಲಿ ಸೃಷ್ಟಿಕರ್ತ ಇಲ್ಲ, ಪ್ರಕೃತಿ ಉಳಿಯಿತು, ‘ಕಾರ್ನಲ್’ ಉಳಿಯಿತು. ಆದರೆ ಪ್ರಕೃತಿಯ ಕ್ರಮ ಅಂದ್ರೆ ಯಾವುದು? ಸಂಹಿತೆ ಹೇಳಲಿಲ್ಲ. ಜೀವಾವಧಿವರೆಗೆ ಶಿಕ್ಷೆ ಕೊಡಬಹುದಾದ ಕಾನೂನಿನಲ್ಲಿ ಇಷ್ಟು ಮಸುಕು ಇಟ್ಟರೆ ಅದು ಬಹಳ ಮಂದಿಯನ್ನು ಹೆದರಿಸೋಕೆ ಸಾಕು. ಹೆದರಿಸಿತು ಕೂಡ. ದೆಹಲಿ ಹೈಕೋರ್ಟ್ 2009ರಲ್ಲಿ ಬಿಡಿಸಿದ ಗಂಟನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಮತ್ತೆ ಹಾಕಿತು. 2018ಕ್ಕೆ ಬಿಚ್ಚಿತು.

ಆಗಲೂ ಸೆಕ್ಷನ್ ಪೂರ್ತಿ ಹೋಗಲಿಲ್ಲ. ಸಮ್ಮತಿ ಇಲ್ಲದ ಕೃತ್ಯಗಳಿಗೆ ಉಳಿದಿತ್ತು. 2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಅದನ್ನು ಇಡಿಯಾಗಿ ಕೈಬಿಟ್ಟರು. ಹಳೇ ಪದ ಹೋಯಿತು, ಒಳ್ಳೇದೇ. ಆದರೆ ವಯಸ್ಕ ಗಂಡಸಿನ ಮೇಲೆ ಅತ್ಯಾಚಾರ ನಡೆದರೆ ದೂರು ದಾಖಲಿಸೋಕೆ ಇದ್ದ ಸೆಕ್ಷನ್ ಕೂಡ ಅದರ ಜೊತೆಗೇ ಹೋಯಿತು. ಆ ಜಾಗಕ್ಕೆ ಸಂಹಿತೆಯಲ್ಲಿ ಬೇರೇನೂ ಬರೆದಿಲ್ಲ.