ರಾಜನಿಗೆ ಬಣ್ಣ, ಬಿಲ್ಲುಗಾರನಿಗೆ ಬೂದು

ಇವತ್ತಿನ ಕಥೆ 600 ವರ್ಷಕ್ಕೂ ಹಿಂದಿನ ಒಂದು ಯುದ್ಧದ್ದು. ಆದರೆ ಶುರುವಾಗೋದು ನನ್ನ ಮಂಚದ ಕೆಳಗಿರೋ ರಟ್ಟಿನ ಡಬ್ಬದಿಂದ.

ನನ್ನ ಹವ್ಯಾಸ ವಾರ್‌ಗೇಮಿಂಗ್. ಹಳೆಯ ಯುದ್ಧಗಳನ್ನು ಟೇಬಲ್ ಮೇಲೆ ಪುಟ್ಟ ಸೈನಿಕರ ಬೊಂಬೆ ಇಟ್ಟು, ದಾಳ ಉರುಳಿಸಿ ಆಡೋ ಆಟ. ಒಂದೊಂದು ಬೊಂಬೆ ಸುಮಾರು 28 ಮಿಲಿಮೀಟರ್ ಎತ್ತರ. ಬರೋದು ಬಿಡಿಬಿಡಿಯಾಗಿ, ಬಣ್ಣ ಇಲ್ಲದೆ. ಅಂಟಿಸಿ ಬಣ್ಣ ಹಚ್ಚೋದು ನಮ್ಮ ಕೆಲಸ. ಕೊಳ್ಳೋಕೆ ಐದು ನಿಮಿಷ, ಹಚ್ಚಿ ಮುಗಿಸೋಕೆ ಐದು ವರ್ಷ! ಹಾಗಾಗಿ ಈ ಹುಚ್ಚು ಹಿಡಿದವರ ಮನೇಲೆಲ್ಲ ಒಂದು ಬಾಕಿ ರಾಶಿ ಇದ್ದೇ ಇರುತ್ತೆ. ಅದಕ್ಕೆ ತಮಾಷೆಗೆ ‘ಪೈಲ್ ಆಫ್ ಶೇಮ್’ ಅಂತಾರೆ. ನಾಚಿಕೆಯ ರಾಶಿ.

ನನ್ನ ರಾಶಿ ಅಜಿನ್‌ಕೋರ್ಟ್ ಯುದ್ಧದ್ದು. 1415ರ ಅಕ್ಟೋಬರ್ 25. ಇಂಗ್ಲೆಂಡಿನ ರಾಜ ಐದನೇ ಹೆನ್ರಿ ಫ್ರಾನ್ಸಿನ ಹಾರ್ಫ್ಲರ್ ಬಂದರನ್ನು ಗೆದ್ದು ಕ್ಯಾಲೆ ಕಡೆಗೆ ಹೊರಟಿದ್ದ. ಆಮಶಂಕೆ ಹರಡಿ ಸೈನ್ಯ ಸೊರಗಿತ್ತು. ದಾರಿಯಲ್ಲಿ ಫ್ರೆಂಚರು ಅಡ್ಡ ನಿಂತರು. ರಾತ್ರಿ ಮಳೆ ಸುರಿದು ಉತ್ತ ಹೊಲವೆಲ್ಲ ಕೆಸರು. ಆದರೂ ಸಂಖ್ಯೆಯಲ್ಲಿ ಕಡಿಮೆ ಇದ್ದ ಇಂಗ್ಲಿಷರೇ ಗೆದ್ದರು. ಅವರ ಸೈನ್ಯದಲ್ಲಿ ಬಹುಪಾಲು ಇದ್ದದ್ದು ಉದ್ದ ಬಿಲ್ಲು ಹಿಡಿದ ಸಾಮಾನ್ಯ ಜನ.

ಹೋದ ಭಾನುವಾರ ಅಮ್ಮ ನನ್ನ ಟೇಬಲ್ ಹತ್ತಿರ ಬಂದಳು. ಪ್ರತಿ ದಸರಾಗೂ ಬೊಂಬೆ ಕೂರಿಸೋಳು, ಕಣ್ಣು ಚುರುಕು. “ಅಲ್ಲ ಕಣೋ, ಇವರಿಗೆಲ್ಲ ಇಷ್ಟು ಚೆನ್ನಾಗಿ ಬಣ್ಣ ಹಚ್ಚಿದೀಯ. ಆ ಡಬ್ಬದಲ್ಲಿರೋರು ಏನು ಪಾಪ ಮಾಡಿದ್ರು?” ಅಂದಳು.

ಎಣಿಸಿ ನೋಡಿದೆ. ರಾಜ, ಡ್ಯೂಕ್, ನೈಟ್ ಸೇರಿ 14 ಜನ ರೆಡಿ. 72 ಬಿಲ್ಲುಗಾರರು ಮಾತ್ರ ನಾಲ್ಕು ವರ್ಷದಿಂದ ಬೂದು ಪ್ರೈಮರ್‌ನಲ್ಲೇ ನಿಂತಿದ್ದಾರೆ.

ಯಾಕೆ ಹೀಗಾಯ್ತು? ದೊಡ್ಡವರ ಬಣ್ಣ ದಾಖಲೆಯಲ್ಲಿದೆ. ಹೆನ್ರಿಯ ಲಾಂಛನದಲ್ಲಿ ನಾಲ್ಕು ಭಾಗ: ಎರಡರಲ್ಲಿ ನೀಲಿ ಮೇಲೆ ಚಿನ್ನದ ಲಿಲ್ಲಿ ಹೂ, ಎರಡರಲ್ಲಿ ಕೆಂಪು ಮೇಲೆ ಚಿನ್ನದ ಸಿಂಹ. ನೋಡ್ಕೊಂಡು ಹಚ್ಚಿದರಾಯ್ತು. ಆದರೆ ಇದು ಬರೀ ಅಲಂಕಾರ ಅಲ್ಲ. ಹೆಲ್ಮೆಟ್ ಒಳಗೆ ಯಾರಿದ್ದಾರೆ ಅಂತ ಹೇಳೋ ಐಡಿ ಕಾರ್ಡ್. ಶ್ರೀಮಂತ ಸೆರೆ ಸಿಕ್ಕರೆ ಕೊಲ್ಲೋದಕ್ಕಿಂತ ಇಟ್ಕೊಂಡು ಬಿಡುಗಡೆಯ ಹಣ ಕೇಳೋದೇ ಲಾಭ. ಬಣ್ಣ ಜೀವ ಉಳಿಸ್ತಿತ್ತು.

ನಂಬಿಕೆ ಬರಲ್ವಾ? ಬ್ರಬಾಂಟ್‌ನ ಡ್ಯೂಕ್ ಆಂಟನಿಯ ಕಥೆ ಕೇಳಿ. ಫ್ರೆಂಚರ ಪರವಾಗಿ ತಡವಾಗಿ ಓಡೋಡಿ ಬಂದ. ಲಾಂಛನದ ಅಂಗಿ ಹಿಂದೆಯೇ ಉಳಿದಿತ್ತು. ಒಂದು ಬಾವುಟಕ್ಕೆ ತೂತು ಮಾಡಿ, ತಲೆ ತೂರಿಸಿಕೊಂಡು ಯುದ್ಧಕ್ಕೆ ಇಳಿದ. ಸೆರೆ ಸಿಕ್ಕ. ಫ್ರೆಂಚರು ಮತ್ತೆ ದಾಳಿ ಮಾಡಬಹುದು ಅನ್ನೋ ಭಯದಲ್ಲಿ ಹೆನ್ರಿ ಸೆರೆಯಾಳುಗಳನ್ನು ಕೊಲ್ಲೋಕೆ ಆಜ್ಞೆ ಕೊಟ್ಟ. ತೀರಾ ದೊಡ್ಡವರನ್ನಷ್ಟೇ ಉಳಿಸಿಕೊಂಡರು. ಓರ್ಲಿಯನ್ಸ್‌ನ ಡ್ಯೂಕ್ ಚಾರ್ಲ್ಸ್ ಹಾಗೆ ಉಳಿದು, ಇಂಗ್ಲೆಂಡಿನಲ್ಲಿ 25 ವರ್ಷ ಸೆರೆಯಲ್ಲಿದ್ದು ಮನೆಗೆ ಹೋದ. ಬಾವುಟ ಹೊದ್ದ ಆಂಟನಿ ಯಾರು ಅಂತ ಗೊತ್ತಾಗದೆ ಅವನನ್ನೂ ಕೊಂದರು ಎನ್ನುತ್ತದೆ ಚರಿತ್ರೆ.

ಡ್ಯೂಕ್‌ಗೇ ಹೀಗಾದರೆ ಬಿಲ್ಲುಗಾರನ ಗತಿ? ಅವನಿಗೆ ಲಾಂಛನವೇ ಇಲ್ಲ. ಸಂಬಳ ದಿನಕ್ಕೆ 6 ಪೆನ್ಸ್, ಕವಚ ತೊಟ್ಟ ಯೋಧನ 12 ಪೆನ್ಸ್‌ನಲ್ಲಿ ಅರ್ಧ. ಹಿಡಿದರೆ ಹಣ ಬರಲ್ಲ, ಅಂದ್ರೆ ಉಳಿಸೋಕೆ ಕಾರಣವೂ ಇಲ್ಲ. ಸೋತರೆ ಸತ್ತ ಹಾಗೇ ಅನ್ನೋದು ಗೊತ್ತಿದ್ದೇ ಅವರು ಆ ಕೆಸರಲ್ಲಿ ನಿಂತಿದ್ದರು.

ಅವರು ಹೇಗಿದ್ದರು? ಹದಿನೈದರ ಹುಡುಗನಾಗಿ ಫ್ರೆಂಚ್ ಕಡೆ ಇದ್ದ ಝಾನ್ ದ ವಾವ್ರಾನ್ ಆಮೇಲೆ ಬರೆದಿಟ್ಟಿದ್ದಾನೆ: ಬಹುತೇಕರಿಗೆ ಕವಚ ಇಲ್ಲ, ಕಾಲುಚೀಲ ಸಡಿಲ, ಸೊಂಟದಲ್ಲಿ ಕೊಡಲಿ ಇಲ್ಲವೇ ಕತ್ತಿ, ಕೆಲವರು ಬರಿಗಾಲು. ಆದರೆ ಯಾರ ಅಂಗಿ ಯಾವ ಬಣ್ಣ ಅಂತ ಹೇಳೋರಿಲ್ಲ. ಹಾಗಾಗಿ ಆ ಕಾಲದ ಬಣ್ಣದ ಗಿಡಗಳನ್ನೇ ನಂಬಿದೆ. ಮ್ಯಾಡರ್ ಬೇರಿನ ಕೆಂಪು, ವೋಡ್ ಎಲೆಯ ನೀಲಿ, ವೆಲ್ಡ್ ಗಿಡದ ಹಳದಿ. ನೀಲಿ ಮೇಲೆ ಹಳದಿ ಅದ್ದಿದರೆ ಹಸಿರು. ಉಳಿದವರಿಗೆ ಬಣ್ಣ ಕಾಣದ ಉಣ್ಣೆಯ ಕಂದು. ಎಲ್ಲರ ಕಾಲಿಗೂ ಕೆಸರು.

ಒಂದು ವಿಷಯ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಅವರ ಬಣ್ಣ ಉಳಿದಿಲ್ಲ, ಹೆಸರು ಉಳಿದಿದೆ! ಸಂಬಳ ಕೊಡೋಕೆ ಲೆಕ್ಕ ಬೇಕಲ್ವಾ? ಅದಕ್ಕೆ ಬರೆದ ಹಾಜರಿ ಪಟ್ಟಿಗಳಲ್ಲಿ ಎಷ್ಟೋ ಇವತ್ತಿಗೂ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಸಾವಿರಾರು ಬಿಲ್ಲುಗಾರರ ಹೆಸರು, ಸಾಲು ಸಾಲಾಗಿ.

ಈ ವಾರ ಹತ್ತು ಬಿಲ್ಲುಗಾರರನ್ನು ಮುಗಿಸಿದೀನಿ. ಒಬ್ಬೊಬ್ಬರ ಬೇಸ್ ಕೆಳಗೂ ಆ ಪಟ್ಟಿಯಿಂದ ಒಂದೊಂದು ಹೆಸರು ಬರೆದಿದೀನಿ. ಆಟ ಆಡುವಾಗ ಅದು ಕಾಣಲ್ಲ. ಆದರೆ ದಾಳ ಕೈಕೊಟ್ಟು ಬೊಂಬೆಯನ್ನು ಟೇಬಲ್‌ನಿಂದ ಎತ್ತಿದಾಗ, ಸತ್ತದ್ದು ಯಾರು ಅಂತ ನಾನು ಓದಲೇಬೇಕು.

ಇನ್ನೂ 62 ಬಾಕಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.