ಅಂಜನ್ ಹುಲ್ಲು – ಒಣ ಪ್ರದೇಶದ ಬಹುವಾರ್ಷಿಕ ಮೇವು

ಅಂಜನ್ ಹುಲ್ಲು ಒಮ್ಮೆ ಬೇರೂರಿದಲ್ಲಿ ಹಲವಾರು ವರ್ಷ ಮೇವು ಒದಗಿಸುವ, ಬುಡದಿಂದ ತೆಂಡೆಯೊಡೆದು ಬೆಳೆಯುವ ಬಹುವಾರ್ಷಿಕ ಹುಲ್ಲಾಗಿರುತ್ತದೆ. ಇದರ ಸಸ್ಯಶಾಸ್ತ್ರೀಯ ಹೆಸರು ಸೆಂಕ್ರಸ್ ಸಿಲಿಯಾರಿಸ್. ರಾಜಸ್ಥಾನದಲ್ಲಿ ಧಾಮನ್ ಎಂದೂ ತಮಿಳುನಾಡಿನಲ್ಲಿ ಕೊಳುಕ್ಕಟ್ಟೈ ಎಂದೂ ಕರೆಯಲ್ಪಡುತ್ತದೆ. ತೆನೆಯು ನರಿಯ ಬಾಲವನ್ನು ಹೋಲುವುದರಿಂದ ಸುಲಭವಾಗಿ ಗುರುತಿಸಬಹುದು.

ಆಫ್ರಿಕಾ, ಅರೇಬಿಯಾ ಹಾಗೂ ಭಾರತದ ಒಣ ಪ್ರದೇಶಗಳು ಇದರ ತವರು. ನಮ್ಮ ದೇಶದಲ್ಲಿ ರಾಜಸ್ಥಾನ, ಗುಜರಾತ್ ಹಾಗೂ ದಕ್ಷಿಣದ ಕಡಿಮೆ ಮಳೆಯ ಭಾಗಗಳಲ್ಲಿ ಕಂಡುಬರುತ್ತದೆ. ನೀರು ಬಸಿದುಹೋಗುವ ಮರಳುಮಿಶ್ರಿತ ಗೋಡು ಮಣ್ಣು ಉತ್ತಮ. ನೀರು ನಿಲ್ಲುವ ಎರೆಭೂಮಿ ಸೂಕ್ತವಲ್ಲ. ಬೇರುಗಳು ಆಳಕ್ಕೆ ಇಳಿಯುವುದರಿಂದ ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮೊದಲ ಮಳೆಗೆ ಬುಡದಿಂದ ಚಿಗುರುತ್ತದೆ.

ಬರ ತಡೆಯುವ ಈ ಹುಲ್ಲು ಬಿಡುವಿಲ್ಲದ ಮೇಯಿಸುವಿಕೆಯನ್ನು ತಡೆಯಲಾರದು. ತಮಿಳುನಾಡಿನ ಕಂಗಾಯಂ ಪ್ರದೇಶದ 'ಕೊರಂಗಾಡು' ಹುಲ್ಲುಗಾವಲುಗಳು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ರೈತರು ಸ್ವಂತ ಜಮೀನಿಗೆ ಮುಳ್ಳಿನ ಜೀವಂತ ಬೇಲಿ ಹಾಕಿ, ನಡುನಡುವೆ ಬಿಳಿಜಾಲಿ ಮರಗಳನ್ನು ಉಳಿಸಿಕೊಂಡು, ಒಂದೊಂದೇ ಭಾಗವನ್ನು ಸರದಿಯಂತೆ ಮೇಯಿಸುತ್ತಾರೆ. ಹೆಸರಾಂತ ಕಂಗಾಯಂ ರಾಸುಗಳು ಬೆಳೆದುಬಂದಿರುವುದು ಈ ಹುಲ್ಲಿನ ಮೇಲೆಯೇ. ಬೇಲಿಯಿಲ್ಲದ ಗೋಮಾಳದಲ್ಲಿ ಬೀಜ ಚೆಲ್ಲಿ ಮರುದಿನವೇ ಕುರಿಗಳನ್ನು ಬಿಟ್ಟರೆ ಬಿತ್ತಿದ ಖರ್ಚು ಮಾತ್ರ ಉಳಿಯುತ್ತದೆ.

ಬಿತ್ತನೆಯನ್ನು ಮುಂಗಾರಿನ ಆರಂಭದಲ್ಲಿ ಕೈಗೊಳ್ಳಬೇಕು. ಹೆಕ್ಟೇರಿಗೆ ಸುಮಾರು 5 ಕಿ.ಗ್ರಾಂ. ಬೀಜ ಸಾಕಾಗುತ್ತದೆ. ಹೊಸ ಬೀಜವು ಸುಪ್ತಾವಸ್ಥೆಯಲ್ಲಿರುವ ಕಾರಣ ಸರಿಯಾಗಿ ಮೊಳೆಯುವುದಿಲ್ಲ; ಹಿಂದಿನ ವರ್ಷ ಕೊಯ್ದು ಶೇಖರಿಸಿದ ಬೀಜವನ್ನೇ ಬಳಸತಕ್ಕದ್ದು. ಬೀಜವು ಹಗುರವಾಗಿದ್ದು ಗಾಳಿಗೆ ಹಾರುವುದರಿಂದ ಒದ್ದೆ ಮರಳಿನೊಂದಿಗೆ ಬೆರೆಸಿ, 50 ಸೆಂ.ಮೀ. ಅಂತರದ ಸಾಲುಗಳಲ್ಲಿ, 1 ಸೆಂ.ಮೀ.ಗಿಂತ ಹೆಚ್ಚು ಆಳಕ್ಕೆ ಹೋಗದಂತೆ ಬಿತ್ತಬೇಕು. ಮೊದಲ ವರ್ಷ ಎಳೆಯ ಗಿಡಗಳು ಬುಡಸಹಿತ ಕಿತ್ತುಬರುವುದರಿಂದ ಜಾನುವಾರುಗಳನ್ನು ಬಿಡದೆ ಕೊಯ್ದು ಹಾಕುವುದು ಸೂಕ್ತ. ನೆಲದಿಂದ 10 ರಿಂದ 15 ಸೆಂ.ಮೀ. ಬಿಟ್ಟು, ಹೂ ಬಿಡುವ ಹಂತದಲ್ಲಿ ಕೊಯ್ಯಬೇಕು. ಬಲಿತ ಹುಲ್ಲಿನಲ್ಲಿ ಸಸಾರಜನಕ ಕಡಿಮೆಯಾಗಿ ನಾರು ಹೆಚ್ಚುತ್ತದೆ.

ಈ ಹುಲ್ಲಿನಲ್ಲಿರುವ ಆಕ್ಸಲೇಟ್ ಅಂಶವು ಕುದುರೆಗಳಲ್ಲಿ ಸುಣ್ಣದ ಕೊರತೆ ಉಂಟುಮಾಡುವುದರಿಂದ ಕುದುರೆಗಳಿಗೆ ಇದೊಂದನ್ನೇ ದೀರ್ಘಕಾಲ ತಿನ್ನಿಸಬಾರದು. ಆಸ್ಟ್ರೇಲಿಯಾ ಹಾಗೂ ಅಮೆರಿಕದ ಅರಿಜೋನಾದಲ್ಲಿ ಹೊರಗಿನಿಂದ ತಂದ ಈ ಹುಲ್ಲು ಕಾಡುಪ್ರದೇಶಕ್ಕೆ ಹರಡಿ, ಒಣಗಿದಾಗ ಬೆಂಕಿಗೆ ಆಹಾರವಾಗುತ್ತಿದೆ. ಆದುದರಿಂದ ಅರಣ್ಯದಂಚಿನ ಜಮೀನುಗಳಲ್ಲಿ ಇದನ್ನು ಬಿತ್ತದಿರುವುದು ಒಳಿತು.